ಗಡ್ಡದ ಐರಿಸ್ ಹೂವಿನ ಆಕಾರವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಮಣಿಪಾಲ): ಶ್ರೀನಗರದಲ್ಲಿರುವ ನನ್ನ ತಮ್ಮ ತಾನು ಬೆಳೆಸಿದ ಗಡ್ಡದ ಐರಿಸ್ ಹೂಗಳ ಚಿತ್ರಗಳನ್ನು ಕಳುಹಿಸಿ, ಯಾವುದು ಪ್ರದರ್ಶನಕ್ಕೆ ಯೋಗ್ಯವೆಂದು ಕೇಳಿದ್ದಾನೆ. ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಲ್ಲೆನಾದರೂ ಈ ಹೂವಿನ ಲಕ್ಷಣ ನನಗೆ ತಿಳಿಯದು. ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಂಗಳೂರು): ಇದಕ್ಕೆ ಆರು ಎಸಳು. ಮೂರು ಮೇಲೆದ್ದು ಗುಮ್ಮಟದಂತೆ ನಿಲ್ಲುತ್ತವೆ, ಮೂರು ಹೊರಬಾಗಿ ಇಳಿಯುತ್ತವೆ. ಇಳಿದ ಎಸಳಿನ ಬುಡದಲ್ಲಿ ಕಂಬಳಿಹುಳದ ಮೈಯಂತೆ ಕಾಣುವ ರೋಮದ ಸಾಲೇ ಗಡ್ಡ. ಮೇಲಿನ ಎಸಳುಗಳು ಬಿಸಿಲೇರಿದರೂ ಕುಸಿಯದೆ ನಿಂತು, ಕೆಳಗಿನವು ಅವುಗಳಿಗೆ ಹೊಂದುವಷ್ಟು ಅಗಲವಾಗಿ, ಬುಡದಲ್ಲಿ ಸಂದು ಬಿಡದೆ ಕೂಡಿಕೊಂಡಿದ್ದರೆ ಆಕಾರ ಒಳ್ಳೆಯದು. ಕೆಳಗಿನ ಎಸಳು ಪಟ್ಟಿಯಂತೆ ಕಿರಿದಾಗಿ ಜೋತುಬಿದ್ದ ಹೂವನ್ನು, ಬಣ್ಣ ಎಷ್ಟೇ ಸೊಗಸಾಗಿರಲಿ, ನಾನಂತೂ ಹಿಂದಿಡುತ್ತೇನೆ.

ಉತ್ತರ (ಉಡುಪಿ): ಹೂವನ್ನಷ್ಟೇ ನೋಡಿದರೆ ಸಾಲದು. ಎತ್ತರದ ವರ್ಗದ ದಂಟು 70 ಸೆಂಟಿಮೀಟರಿಗೂ ಮಿಕ್ಕಿರುತ್ತದೆ. ಅತಿ ಕುಳ್ಳ ವರ್ಗದ್ದು 20 ಸೆಂಟಿಮೀಟರನ್ನು ದಾಟುವುದಿಲ್ಲ. ಕುಳ್ಳ ದಂಟಿನ ಮೇಲೆ ದೊಡ್ಡ ಹೂವು ಕುಳಿತರೆ, ಪುಟ್ಟ ಮಗುವಿನ ತಲೆಗೆ ಯಕ್ಷಗಾನದ ಕಿರೀಟವಿಟ್ಟಂತೆ ಕಾಣುತ್ತದೆ. ಕವಲುಗಳೂ ದಂಟಿಗೆ ಅಂಟಿಕೊಳ್ಳದೆ ಚಾಚಿರಬೇಕು, ಇಲ್ಲವಾದರೆ ಅರಳಿದ ಹೂಗಳು ಒಂದನ್ನೊಂದು ಒತ್ತುತ್ತವೆ. ಇಡೀ ದಂಟು ಕಾಣುವ ಚಿತ್ರವನ್ನು ತರಿಸಿರಿ.

ಮಣಿಪಾಲ: ತರಿಸುತ್ತೇನೆ. ನೇರಳೆ ಹೂವಿನ ಬುಡದಲ್ಲಿ ಬೆರಳು ತೂರುವಷ್ಟು ಸಂದಿರುವುದು ಈಗ ಕಣ್ಣಿಗೆ ಬಿತ್ತು.