ಪೆಸಿಫಿಕ್ ದ್ವೀಪರಾಷ್ಟ್ರಗಳ ನೈರ್ಮಲ್ಯ ನೀತಿ: ಪ್ರಾದೇಶಿಕ ಸಹಕಾರದಿಂದ ನಿಜಕ್ಕೂ ಆಗುವುದೇನು?

ತೀರದರ್ಶಿ (ಪ್ರಶ್ನೆ):
ಸದಸ್ಯರೆಲ್ಲರಿಗೂ ನಮಸ್ಕಾರ. ಸಣ್ಣ ದ್ವೀಪರಾಷ್ಟ್ರಗಳು 2014ರಲ್ಲಿ ಸಮೋವಾದಲ್ಲಿಯೂ 2024ರಲ್ಲಿ ಆಂಟಿಗುವಾದಲ್ಲಿಯೂ ಸಭೆ ಸೇರಿ, ನೀರು ಮತ್ತು ನೈರ್ಮಲ್ಯದ ವಿಚಾರದಲ್ಲಿ ಪರಸ್ಪರ ಸಹಕರಿಸುವ ಸಂಕಲ್ಪ ಮಾಡಿದವು. ಆದರೆ ಕಿರಿಬಾಟಿಯ ಸುಮಾರು 1.2 ಲಕ್ಷ ಜನರು ಮೂವತ್ತಮೂರು ದ್ವೀಪಗಳ ದೇಶದವರು, ಆ ದ್ವೀಪಗಳು ಲಕ್ಷಾಂತರ ಚದರ ಕಿಲೋಮೀಟರ್ ಕಡಲಿನಲ್ಲಿ ಚದುರಿಕೊಂಡಿವೆ. ತುವಾಲುವಿನ ಜನಸಂಖ್ಯೆಯಂತೂ ಹನ್ನೊಂದು ಸಾವಿರದ ಆಸುಪಾಸಿನಲ್ಲಿದೆ. ಇಷ್ಟು ದೂರದೂರವಿರುವ ದೇಶಗಳು ಒಂದು ಒಳಚರಂಡಿಯನ್ನಾಗಲಿ, ಒಂದು ಶುದ್ಧೀಕರಣ ಘಟಕವನ್ನಾಗಲಿ ಹಂಚಿಕೊಳ್ಳುವುದು ಅಸಾಧ್ಯ. ಹಾಗಿರುವಾಗ ಘೋಷಣೆಗಳನ್ನು ಬಿಟ್ಟು ಈ ಸಹಕಾರದಿಂದ ಯಾವ ಪ್ರಯೋಜನವಿದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಅಂತರ್ಜಲ:
ತಮ್ಮ ಪ್ರಶ್ನೆಗೆ ಉತ್ತರ ನೆಲದಡಿಯಲ್ಲಿದೆ. ಹವಳದ್ವೀಪಗಳಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಬಾವಿಯಿಂದ ಜನ ಸೇದುವುದು ಅದನ್ನೇ. ಈ ನೀರು ಒಂದೆರಡು ಮೀಟರ್ ಆಳದಲ್ಲಿಯೇ ಸಿಗುತ್ತದೆ, ಮರಳಾದರೋ ಏನನ್ನೂ ತಡೆದು ಸೋಸುವಷ್ಟು ಬಿಗಿಯಾಗಿಲ್ಲ. ದೊಡ್ಡ ಭೂಭಾಗಗಳಿಗಾಗಿ ಬರೆದ ಕೈಪಿಡಿಗಳು ಶೌಚಗುಂಡಿಗೂ ಬಾವಿಗೂ ನಡುವೆ ಹದಿನೈದು ಅಥವಾ ಮೂವತ್ತು ಮೀಟರ್ ಅಂತರವಿದ್ದರೆ ಸಾಕೆನ್ನುತ್ತವೆ. ಹವಳದ ಮರಳಿನಲ್ಲಿ ಆ ಭರವಸೆಯನ್ನು ಇಟ್ಟುಕೊಳ್ಳುವಂತಿಲ್ಲ, ಮೇಲಾಗಿ ಕೆಲವೆಡೆ ದ್ವೀಪದ ಅಗಲವೇ ಕೆಲವು ನೂರು ಮೀಟರ್‌ಗಳನ್ನು ಮೀರುವುದಿಲ್ಲ. ಕಿರಿಬಾಟಿಯ ರಾಜಧಾನಿಯಾದ ದಕ್ಷಿಣ ತರಾವಾದ ಜನನಿಬಿಡ ಭಾಗಗಳಲ್ಲಿದ್ದ ಸಿಹಿನೀರಿನ ಪದರಗಳು ವಸತಿ ಹೆಚ್ಚಿದಂತೆ ಕಲುಷಿತಗೊಂಡವು. ಕೊಳಾಯಿ ನೀರಿಗೆ ಬೊನ್ರಿಕಿ ಮತ್ತು ಬುವೋಟಾದ ಸಂರಕ್ಷಿತ ಪ್ರದೇಶಗಳೇ ಮುಖ್ಯ ಆಸರೆಯಾದವು.

ಈ ಸಮಸ್ಯೆ ಕಿರಿಬಾಟಿಗೂ ತುವಾಲುವಿಗೂ ಮಾರ್ಷಲ್ ದ್ವೀಪಗಳಿಗೂ ಸಮಾನವಾದದ್ದು. ಒಂದೊಂದು ದೇಶವೂ ತನ್ನದೇ ಭೂಜಲತಜ್ಞರನ್ನೂ ಪ್ರಯೋಗಾಲಯವನ್ನೂ ಸಾಕಿಕೊಳ್ಳಲು ಸಾಧ್ಯವಿಲ್ಲ. ನ್ಯೂ ಕ್ಯಾಲೆಡೋನಿಯಾದ ನೂಮಿಯಾದಲ್ಲಿ ಕೇಂದ್ರ ಕಚೇರಿಯಿರುವ ಪೆಸಿಫಿಕ್ ಸಮುದಾಯ ಸಂಸ್ಥೆಗೆ ಸೇರಿದ, ಫಿಜಿಯ ಸುವಾದಲ್ಲಿರುವ ತಜ್ಞರು ಈ ಕೊರತೆಯನ್ನು ತುಂಬುತ್ತಾರೆ. ತುವಾಲುವಿನ ಫುನಾಫುಟಿಯಲ್ಲಿ ನೀರನ್ನೇ ಬಳಸದ, ಮಲವನ್ನು ಗೊಬ್ಬರವಾಗಿಸುವ ಶೌಚಾಲಯಗಳನ್ನು ಕಟ್ಟಿದ್ದು ಕೂಡ ಹಲವು ಪೆಸಿಫಿಕ್ ದೇಶಗಳು ಒಟ್ಟಾಗಿ ನಡೆಸಿದ ಜಲಸಂಪನ್ಮೂಲ ಯೋಜನೆಯ ಭಾಗವಾಗಿ. 2011ರ ಬರದಲ್ಲಿ ತುವಾಲು ತುರ್ತುಪರಿಸ್ಥಿತಿ ಘೋಷಿಸಿ, ಹೊರಗಿನಿಂದ ಉಪ್ಪು ತೆಗೆಯುವ ಯಂತ್ರಗಳನ್ನು ತರಿಸಿಕೊಳ್ಳಬೇಕಾಯಿತು. ಕುಡಿಯಲು ನೀರಿಲ್ಲದ ಊರಿನಲ್ಲಿ ಪ್ರತಿ ಬಾರಿ ಬಕೆಟ್‌ಗಟ್ಟಲೆ ಸಿಹಿನೀರನ್ನು ಶೌಚಾಲಯಕ್ಕೆ ಸುರಿಯುವುದು ಎಂಥ ದುಬಾರಿ ವ್ಯವಸ್ಥೆಯೆಂಬುದು ಆಗ ಎಲ್ಲರಿಗೂ ಮನವರಿಕೆಯಾಗಿರಬೇಕು.

ಕಡಲಕಾನೂನು:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ತಾಂತ್ರಿಕ ನೆರವಿಗಷ್ಟೇ ಸಹಕಾರವನ್ನು ಸೀಮಿತಗೊಳಿಸಬಾರದು. ಕೆರಿಬಿಯನ್ ಭಾಗದವರು ಬದ್ಧತೆಯನ್ನು ಕಾನೂನಾಗಿಸಿದ್ದಾರೆ. ಕೆರಿಬಿಯನ್ ಕಡಲಿನ ರಕ್ಷಣೆಗಾಗಿ ಮಾಡಿಕೊಂಡ 1983ರ ಕಾರ್ಟಹೆನಾ ಒಡಂಬಡಿಕೆಯಡಿ 1999ರಲ್ಲಿ ಅಂಗೀಕಾರವಾಗಿ 2010ರಲ್ಲಿ ಜಾರಿಗೆ ಬಂದ ಪೂರಕ ಒಪ್ಪಂದವು, ಹವಳದ ದಿಬ್ಬಗಳು, ಮ್ಯಾಂಗ್ರೋವ್ ಕಾಡುಗಳು, ಈಜುವ ತೀರಗಳಂಥ ಸೂಕ್ಷ್ಮ ನೀರಿಗೆ ಬಿಡುವ ಮನೆಬಳಕೆಯ ಕೊಳಚೆಯಲ್ಲಿ ತೇಲುವ ಘನಕಣಗಳು ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂದು ವಿಧಿಸುತ್ತದೆ. ಉಳಿದ ನೀರಿಗೆ ಆ ಮಿತಿ 150. ಸಹಿ ಹಾಕಿದ ಸರ್ಕಾರವನ್ನು ನಾಳೆ ಅದರ ಪ್ರಜೆಗಳೇ ಪ್ರಶ್ನಿಸಲು ಇಂಥ ಅಂಕಿಗಳು ಆಧಾರವಾಗುತ್ತವೆ. ಜತೆಗೆ ಹಣದ ವಿಚಾರದಲ್ಲಿಯೂ ಪ್ರಾದೇಶಿಕ ನಿಧಿಯೊಂದನ್ನು ರೂಪಿಸಿ, 2011ರಿಂದ ಜಮೈಕಾ, ಬೆಲೀಜ್, ಗಯಾನಾ, ಟ್ರಿನಿಡಾಡ್-ಟೊಬಾಗೊಗಳಲ್ಲಿ ಸಾಲ ಒದಗಿಸುವ ಬೇರೆ ಬೇರೆ ವಿಧಾನಗಳನ್ನು ಪ್ರಯೋಗಿಸಿದರು. ಪೆಸಿಫಿಕ್ ದೇಶಗಳಿಗೂ ಇದೇ ಮಾದರಿ ಸೂಕ್ತವೆಂದು ನನ್ನ ಅಭಿಪ್ರಾಯ.

ನಿರ್ವಹಣೆ:
ಕಾನೂನನ್ನು ಬರೆದ ಮಾತ್ರಕ್ಕೆ ಪಂಪು ತಿರುಗುವುದಿಲ್ಲವೆಂಬುದನ್ನು ಗೌರವಪೂರ್ವಕವಾಗಿ ಹೇಳಬಯಸುತ್ತೇನೆ. ತರಾವಾದಲ್ಲಿ 1977ರಲ್ಲಿ ಕಾಲರಾ ಹರಡಿತು. ಅದಾದ ಮೇಲೆ ಬೆಟಿಯೊ, ಬೈರಿಕಿ, ಬಿಕೆನಿಬೆಯು ಊರುಗಳಿಗೆ ಸಮುದ್ರದ ನೀರನ್ನೇ ಬಳಸಿ ಹರಿಸುವ ಒಳಚರಂಡಿ ಬಂತು. ಸಿಹಿನೀರನ್ನು ಉಳಿಸುವ ಉಪಾಯವೇನೋ ಒಳ್ಳೆಯದೇ, ಆದರೆ ಉಪ್ಪುನೀರು ಲೋಹದ ಬಿಡಿಭಾಗಗಳನ್ನು ತಿನ್ನುತ್ತದೆ, ಬಿಡಿಭಾಗ ಹಡಗಿನಲ್ಲಿ ಬರಬೇಕು, ಅದನ್ನು ಜೋಡಿಸಬಲ್ಲವರು ಸ್ಥಳದಲ್ಲಿರಬೇಕು. ವ್ಯವಸ್ಥೆ ಹಾಳಾಗುತ್ತ ಬಂದು, 2011ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಮಂಜೂರು ಮಾಡಿದ ಯೋಜನೆಯ ಮೂಲಕ ಅದನ್ನು ಪುನಃ ದುರಸ್ತಿ ಮಾಡಬೇಕಾಯಿತು. ದಾನಿಗಳು ಕಟ್ಟಲು ಹಣ ಕೊಡುತ್ತಾರೆ. ನಂತರದ ವರ್ಷಗಳಲ್ಲಿ ಅದನ್ನು ನಡೆಸುವ ಸಂಬಳ ಮತ್ತು ವಿದ್ಯುತ್ತಿನ ಖರ್ಚನ್ನು ಭರಿಸುವವರು ವಿರಳ.

ಆದ್ದರಿಂದ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಸಮೋವಾದ ಆಪಿಯಾದಲ್ಲಿರುವ ಪೆಸಿಫಿಕ್ ನೀರು ಮತ್ತು ಕೊಳಚೆನೀರು ಸಂಘದಂಥ ವೇದಿಕೆ. ಬೇರೆ ಬೇರೆ ದೇಶಗಳ ನೀರು ಸರಬರಾಜು ಸಂಸ್ಥೆಗಳು ತಮ್ಮ ಸೋರಿಕೆ, ವಸೂಲಿ, ಸಿಬ್ಬಂದಿಯ ಲೆಕ್ಕವನ್ನು ಅಲ್ಲಿ ಹೋಲಿಸಿ ನೋಡುತ್ತವೆ, ಒಂದು ಸಂಸ್ಥೆಯ ಕೆಲಸಗಾರರು ಇನ್ನೊಂದರಲ್ಲಿ ತರಬೇತಿ ಪಡೆಯುತ್ತಾರೆ. ಹೀಗೆ ಕಲಿತವನು ಊರಿಗೆ ಹಿಂದಿರುಗಿ ಹತ್ತು ವರ್ಷ ಕೆಲಸ ಮಾಡಬಲ್ಲ.

ತೀರದರ್ಶಿ:
ತಮ್ಮೆಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಸಹಕಾರದಿಂದ ಬಗೆಹರಿಯದ ಭಾಗ ಯಾವುದು?

ಅಂತರ್ಜಲ:
ಭೂಮಿಯ ಹಕ್ಕು. ಸೊಲೊಮನ್ ದ್ವೀಪಗಳ ರಾಜಧಾನಿ ಹೊನಿಯಾರಾ, ವನುವಾಟುವಿನ ರಾಜಧಾನಿ ಪೋರ್ಟ್ ವಿಲಾಗಳ ಅಂಚಿನಲ್ಲಿ ಹೊರದ್ವೀಪಗಳಿಂದ ಬಂದವರು ಹಕ್ಕುಪತ್ರವಿಲ್ಲದ ನೆಲದಲ್ಲಿ ನೆಲೆಸಿದ್ದಾರೆ. ಅಲ್ಲಿಗೆ ಕೊಳವೆ ಎಳೆಯಲು ಸಂಸ್ಥೆಗಳು ಹಿಂಜರಿಯುತ್ತವೆ, ನಾಳೆ ಎಬ್ಬಿಸಿಯಾರೆಂಬ ಭಯದಿಂದ ನಿವಾಸಿಗಳೂ ಪಕ್ಕಾ ಶೌಚಾಲಯಕ್ಕೆ ಹಣ ಹಾಕುವುದಿಲ್ಲ. ಇದನ್ನು ಆಯಾ ದೇಶದ ಸರ್ಕಾರವೂ ಸಾಂಪ್ರದಾಯಿಕ ಭೂಮಾಲೀಕರೂ ಕುಳಿತು ಇತ್ಯರ್ಥ ಮಾಡಬೇಕೇ ಹೊರತು ಯಾವ ಪ್ರಾದೇಶಿಕ ಸಭೆಯೂ ಮಾಡಲಾರದು. ಅದಕ್ಕೆ ವ್ಯತಿರಿಕ್ತವಾಗಿ, ಜನರ ರೂಢಿಯನ್ನು ಬದಲಿಸುವ ಕೆಲಸಕ್ಕೆ ದೂರದ ಅನುಭವವೂ ನೆರವಾಗುತ್ತದೆ: ಬಾಂಗ್ಲಾದೇಶದ ಹಳ್ಳಿಗಳಲ್ಲಿ 2000ದ ಸುಮಾರಿಗೆ ಹುಟ್ಟಿದ, ಊರಿನವರೇ ಬಯಲು ಶೌಚವನ್ನು ಕೊನೆಗಾಣಿಸಲು ನಿರ್ಧರಿಸುವ ವಿಧಾನವನ್ನು ಉತ್ತರ ತರಾವಾದ ಹಳ್ಳಿಗಳು ಅಳವಡಿಸಿಕೊಂಡವು. ಅಲ್ಲಿ ಕಟ್ಟಿದ ಗುಂಡಿಗಳು ಬಾವಿಗಳಿಗೆ ಏನು ಮಾಡುತ್ತಿವೆಯೆಂದು ನಿಯಮಿತವಾಗಿ ನೀರಿನ ಪರೀಕ್ಷೆ ನಡೆಯಬೇಕು. ಹಂಚಿಕೊಂಡ ಪ್ರಯೋಗಾಲಯಕ್ಕೆ ಮೊದಲು ಕೊಡಬೇಕಾದ ಕೆಲಸ ಇದೇ.