ಅಪ್‌ಡೇಟ್: ಬೆಂಟೊನೈಟ್ ಪದರಗಳು ಕೊನೆಗೂ ಅಗಲವಾದವು

ಬೆಂಟೊನೈಟ್ ಜೇಡಿಮಣ್ಣಿಗೆ ಸಿಟಿಎಬಿ (ಮಣ್ಣಿನ ಪದರಗಳ ನಡುವೆ ಸೇರಿ ಅವನ್ನು ಅಗಲಿಸುವ, ಸೋಪಿನಂಥ ರಾಸಾಯನಿಕ) ಸೇರಿಸಿ ಎಣ್ಣೆ ಹೀರುವ ಪುಡಿ ಮಾಡುತ್ತಿದ್ದೇನೆ, ಆದರೆ ಎಕ್ಸ್-ರೇ ಹಾಯಿಸಿ ಅಳೆಯುವ ಎಕ್ಸ್‌ಆರ್‌ಡಿಯಲ್ಲಿ ಪದರಗಳ ಅಂತರ 15 ಆಂಗ್‌ಸ್ಟ್ರಾಮ್‌ನಿಂದ (ಅಂದರೆ 1.5 ನ್ಯಾನೊಮೀಟರ್) ಅಲ್ಲಾಡುತ್ತಿಲ್ಲ ಅಂತ ಕೇಳಿದ್ದೆ. "ಅದು ಕ್ಯಾಲ್ಸಿಯಂ ಮಣ್ಣಿರಬಹುದು, ನೋಡಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ತೊಂದರೆ ಅಲ್ಲೇ ಇತ್ತು. ಎರಡು ಚಾರ್ಜ್ ಇರುವ ಕ್ಯಾಲ್ಸಿಯಂ ಪದರಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಸುಲಭಕ್ಕೆ ಜಾಗ ಬಿಡುವುದಿಲ್ಲ.

ಈ ಸಲ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬರಲಿ ಅಂತ ಮಣ್ಣನ್ನು 1 ಮೋಲಾರ್ ಉಪ್ಪಿನ ದ್ರಾವಣದಲ್ಲಿ ಮೂರು ಸಲ, ಒಂದೊಂದು ದಿನ ಕಲಕಿದೆ. ಆಮೇಲೆ ತೊಳೆಯುವುದೇ ದೊಡ್ಡ ಕೆಲಸ. ಉಪ್ಪು ಉಳಿದಿದೆಯೇ ಅಂತ ನೋಡಲು ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಏಳನೇ ಸಲಕ್ಕೆ ತಿಳಿಯಾಗಿಯೇ ಉಳಿಯಿತು. ಆ ಹನಿ ನೋಡಿ ಆದ ಖುಷಿ ಹೇಳತೀರದು!

ಸಿಟಿಎಬಿಯನ್ನು ತಣ್ಣೀರಲ್ಲಿ ಹಾಕಬೇಡಿ, ಸರಿಯಾಗಿ ಕರಗುವುದಿಲ್ಲ. ನಾನು 60 ಡಿಗ್ರಿಯಲ್ಲಿ, ಮಣ್ಣಿನ ಅಯಾನು ವಿನಿಮಯ ಸಾಮರ್ಥ್ಯಕ್ಕೆ (ಮಣ್ಣು ಬದಲಾಯಿಸಿಕೊಳ್ಳಬಲ್ಲ ಅಯಾನುಗಳ ಒಟ್ಟು ಪ್ರಮಾಣ) ಸಮನಾಗಿ ಹಾಕಿದೆ. ಜಾಸ್ತಿ ಹಾಕಿದರೆ ನೊರೆ ತೊಳೆದು ಮುಗಿಯುವುದಿಲ್ಲ.

ಈಗ ಅಂತರ 19 ದಾಟಿದೆ. ಒಣಗಿದ ಪುಡಿಯನ್ನು ನೀರಿಗೆ ಉದುರಿಸಿದೆ: ಒದ್ದೆಯೇ ಆಗದೆ ಮೇಲೆ ತೇಲಿತು. ಟೊಲುವೀನ್ ಎಂಬ, ನೀರಿನಲ್ಲಿ ಬೆರೆಯದ ಎಣ್ಣೆಯಂಥ ದ್ರಾವಕದಲ್ಲಿ ಮಾತ್ರ ಉಬ್ಬಿ ಗಂಜಿಯಂತಾಯಿತು. ಮುಂದಿನ ವಾರ ಡೀಸೆಲ್ ಬೆರೆತ ನೀರಿನಲ್ಲಿ ನೋಡುತ್ತೇನೆ.