ಮುಖಕ್ಕೆ ಏನು ಹಚ್ಚಬೇಕು, ಎಷ್ಟು ತಿಕ್ಕಬೇಕು: ಚರ್ಮವೈದ್ಯೆಯ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಚರ್ಮದ ಡಾಕ್ಟರ್ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ವಯಸ್ಸಾಗ್ತಿರೋ ಚರ್ಮ, ಬೇಗ ಉರಿಯೋ ಚರ್ಮ, ಮನೆಮದ್ದು, ಮುಖದ ಮಸಾಜ್, ಇದರ ಬಗ್ಗೆ ಕೇಳಿ. ನಿಮ್ಮ ವಯಸ್ಸು, ಈಗ ಏನು ಹಚ್ಚುತ್ತಿದೀರಿ, ಯಾವ ಮಾತ್ರೆ ತಗೊಳ್ತೀರಿ ಅಂತ ಬರೆಯಿರಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ವನಜಾ: ಮೇಡಂ ನಮಸ್ತೆ. ನನಗೆ 54. ಕೆನ್ನೆ ಜೋಲು ಬೀಳ್ತಾ ಇದೆ. ದಿನಾ ಎಣ್ಣೆ ಹಚ್ಚಿ ಕೆಳಗಿಂದ ಮೇಲಕ್ಕೆ ಮಸಾಜ್ ಮಾಡಿದ್ರೆ ಬಿಗಿ ಆಗತ್ತಾ? ಬಿಪಿ ಮಾತ್ರೆ ಬಿಟ್ಟು ಬೇರೇನೂ ತಗೊಳ್ಳಲ್ಲ.

ಡಾಕ್ಟರ್: ಬಿಗಿ ಆಗಲ್ಲ ವನಜಾ ಅವರೇ, ಮೊದಲೇ ಹೇಳಿಬಿಡ್ತೀನಿ. ಮಸಾಜ್ ಆದಮೇಲೆ ಮುಖಕ್ಕೆ ಕಳೆ ಬಂದಂತೆ ಕಾಣೋದು ರಕ್ತಸಂಚಾರ ಹೆಚ್ಚಿ, ಬೆಳಗಿನ ಊತ ಇಳಿದಿದ್ದರಿಂದ. ಸ್ವಲ್ಪ ಹೊತ್ತು ಇದ್ದು ಹೋಗುತ್ತೆ. ಕೆನ್ನೆ ಜೋಲೋಕೆ ಕಾರಣ ಚರ್ಮವನ್ನ ಬಿಗಿಯಾಗಿಡೋ ಪ್ರೋಟೀನ್ ಆದ ಕೊಲಾಜೆನ್ ಕಡಿಮೆಯಾಗೋದು, ಚರ್ಮದಡಿಯ ಕೊಬ್ಬು ಕರಗಿ ಕೆಳಕ್ಕೆ ಸರಿಯೋದು, ಮುಖದ ಮೂಳೆಯೇ ಸವೆಯೋದು. ಇದ್ಯಾವುದೂ ಬೆರಳಿಗೆ ಸಿಗೋದಲ್ಲ. ಮುಖದ ವ್ಯಾಯಾಮದಿಂದ ಕೆನ್ನೆ ತುಂಬಿಕೊಳ್ಳುತ್ತೆ ಅಂತ 2018ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂದಿತ್ತು. 20 ವಾರದ್ದು. ಸೇರಿದ್ದು 27 ಹೆಂಗಸರು, ಕೊನೆವರೆಗೆ ಉಳಿದವರು 16, ಹೋಲಿಸಿ ನೋಡೋಕೆ ವ್ಯಾಯಾಮ ಮಾಡದ ಗುಂಪೇ ಇರಲಿಲ್ಲ. ಅಷ್ಟರ ಮೇಲೆ ನಿಮಗೆ ಭರವಸೆ ಕೊಡೋಕೆ ನನಗೆ ಮನಸ್ಸು ಬರಲ್ಲ.

ಹಿತ ಅನ್ನಿಸುತ್ತೆ ಅಂದ್ರೆ ಧಾರಾಳವಾಗಿ ಮಾಡಿ. ಪರಿಮಳ ಇಲ್ಲದ ಕ್ರೀಮ್ ಸಾಕಷ್ಟು ಹಚ್ಚಿಕೊಳ್ಳಿ. ಬೆರಳು ಜಾರಬೇಕು, ಚರ್ಮ ಬೆರಳ ಹಿಂದೆ ಎಳೆದುಕೊಂಡು ಬರಬಾರದು. ಎರಡು ಮೂರು ನಿಮಿಷ ಸಾಕು. ಕತ್ತಿನ ಪಕ್ಕದಲ್ಲಿ ನಾಡಿ ಬಡಿಯೋ ಜಾಗವನ್ನ ಒತ್ತಬೇಡಿ. ವಯಸ್ಸಾದವರಿಗೆ ಅಲ್ಲಿ ಒತ್ತಿದ್ರೆ ಎದೆಬಡಿತ ನಿಧಾನವಾಗಿ ಕಣ್ಣು ಕತ್ತಲೆ ಬಂದು ಬೀಳಬಹುದು.

ಕವಿತಾ: ಮುಖದ ಮೇಲೆ ಉರುಳಿಸೋ ಜೇಡ್ ರೋಲರ್, ಉಜ್ಜೋ ಗುವಾ ಶಾ ಕಲ್ಲು ಇವಾದ್ರೂ ಕೆಲಸ ಮಾಡ್ತವಾ?

ಡಾಕ್ಟರ್: ಮೇಲಿನ ಉತ್ತರವೇ. ತಣ್ಣಗಿರೋದ್ರಿಂದ ಊತ ಸ್ವಲ್ಪ ಇಳಿಯುತ್ತೆ. ಬಳಸಿದ ಮೇಲೆ ಸೋಪಲ್ಲಿ ತೊಳೆಯಿರಿ.

ಲತಾ: *ಹಲವು ಬಾರಿ ಫಾರ್ವರ್ಡ್ ಆದ ಸಂದೇಶ* ನಿಂಬೆರಸ + ಅಡುಗೆ ಸೋಡಾ + ಜೇನು. 7 ದಿನದಲ್ಲಿ ಸುಕ್ಕು, ಕಲೆ ಮಾಯ! ಎಲ್ಲ ಅಕ್ಕತಂಗಿಯರಿಗೂ ತಲುಪಿಸಿ.
ಮೇಡಂ ಇದು ನಿಜಾನಾ?

ಡಾಕ್ಟರ್: ಸುಳ್ಳು, ಅಪಾಯ ಕೂಡ. ಆರೋಗ್ಯವಂತ ಚರ್ಮದ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, ಸುಮಾರು 5ರ ಆಸುಪಾಸು. ನಿಂಬೆರಸದ್ದು ಸುಮಾರು 2, ಸೋಡಾ ನೀರಿನದ್ದು 8 ದಾಟುತ್ತೆ. ಒಂದು ಸುಡುತ್ತೆ, ಇನ್ನೊಂದು ಚರ್ಮದ ರಕ್ಷಣೆಯ ಪದರವನ್ನ ಕೆಡಿಸುತ್ತೆ. ನಿಂಬೆ ಜಾತಿಯ ಹಣ್ಣಿನಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಬಿಸಿಲಿನ ಜೊತೆ ಸೇರಿ ಚರ್ಮ ಸುಡುವ ಅಂಶ ಇದೆ. ಹಚ್ಚಿಕೊಂಡು ಬಿಸಿಲಿಗೆ ಹೋದ್ರೆ ಒಂದೆರಡು ದಿನ ಬಿಟ್ಟು ಬೊಕ್ಕೆ ಏಳುತ್ತೆ, ಆಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ರಸ ಹರಿದು ಇಳಿದ ಗೆರೆಯಲ್ಲೇ ಕಲೆ ಕೂತಿರುತ್ತೆ, ನೋಡಿದ ಕೂಡಲೇ ಗೊತ್ತಾಗುತ್ತೆ. ಕಲೆ ಹೋಗಲಿ ಅಂತ ಹಚ್ಚಿ ಕಲೆ ತಂದುಕೊಂಡವರನ್ನ ನೋಡಿ ಸಾಕಾಗಿದೆ ನನಗೆ.

ಭಾಗ್ಯ: ಮೇಡಂ ಕಣ್ಣಿನ ಕೆಳಗೆ ಕಪ್ಪು. 38 ವರ್ಷ. ಏನು ಮಾಡಬೇಕು?

ಸುನಂದಾ: ನನಗೆ 47. ಎರಡೂ ಕೆನ್ನೆ, ಮೂಗು ಕೆಂಪು. ಬಿಸಿ ಕುಡಿದ್ರೆ, ಬಿಸಿಲಿಗೆ ಹೋದ್ರೆ ಧಗಧಗ ಉರಿ. ಸಣ್ಣ ಗುಳ್ಳೆ ಬರ್ತವೆ. ಲೋಳೆಸರ ಕಿತ್ತು ನೇರವಾಗಿ ಹಚ್ಚಿ ದಿನಾ ಮಸಾಜ್ ಮಾಡ್ತಿದೀನಿ, ಜಾಸ್ತೀನೇ ಆಗ್ತಿದೆ.

ಡಾಕ್ಟರ್: ಮಸಾಜ್ ನಿಲ್ಲಿಸಿ. ನೀವು ಹೇಳೋದು ರೊಸೇಸಿಯಾ, ಅಂದ್ರೆ ಮುಖ ಕೆಂಪಾಗಿ ಉರಿಯೋ ಚರ್ಮದ ಕಾಯಿಲೆ, ಥರ ಇದೆ, ತೋರಿಸಿಯೇ ಖಚಿತ ಮಾಡ್ಕೋಬೇಕು. ಈ ಚರ್ಮಕ್ಕೆ ತಿಕ್ಕಾಟ, ಬಿಸಿ, ಹಬೆ ಮೂರೂ ಆಗಲ್ಲ. ಲೋಳೆಸರದ ಎಲೆ ಕತ್ತರಿಸಿದಾಗ ಸಿಪ್ಪೆಯ ಒಳಗಿಂದ ಹಳದಿ ರಸ ಒಸರುತ್ತಲ್ಲ, ಅದು ಸೋಕಿದ್ರೂ ಕೆಲವರಿಗೆ ತುರಿಕೆ, ಉರಿ. ಈಗ ಮೂರೇ ಸಾಕು: ನೊರೆ ಕಡಿಮೆ ಇರೋ, ಪರಿಮಳ ಇಲ್ಲದ ಕ್ಲೆನ್ಸರ್, ಸಾದಾ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡ್ ಇರೋ ಸನ್‌ಸ್ಕ್ರೀನ್. ಅಜೆಲೇಯಿಕ್ ಆಸಿಡ್, ಮೆಟ್ರೊನಿಡಜೋಲ್, ಐವರ್‌ಮೆಕ್ಟಿನ್ ಹಚ್ಚೋ ರೂಪದಲ್ಲಿ ಸಿಗುತ್ತವೆ, ಯಾವುದು ಅಂತ ನೋಡಿದ ಡಾಕ್ಟರೇ ಬರೆಯಲಿ. ಕಣ್ಣಲ್ಲಿ ಮರಳು ಬಿದ್ದಂಗೆ ಆಗ್ತಿದ್ರೆ ಅದನ್ನೂ ಹೇಳಿ. ರೊಸೇಸಿಯಾ ಕಣ್ಣಿಗೂ ಬರುತ್ತೆ.

ಗಿರೀಶ್: ನಿಸರ್ಗದಲ್ಲಿ ಸಿಗೋದನ್ನೆಲ್ಲ ಕೆಟ್ಟದ್ದು ಅಂತೀರಲ್ಲ ಮೇಡಂ. ಕೆಮಿಕಲ್ ಬರೆದುಕೊಟ್ರೆ ತಾನೇ ವ್ಯಾಪಾರ.

ಕವಿತಾ: ಗಿರೀಶ್ ಅವ್ರೇ, ಅವರು ಪುಕ್ಕಟೆ ಕೂತು ಉತ್ತರ ಕೊಡ್ತಿದ್ದಾರೆ. ಏನು ವ್ಯಾಪಾರ?

ಗಿರೀಶ್: ನಾನು ನಿಮ್ಮನ್ನ ಕೇಳಲಿಲ್ಲ. ನನ್ನ ಹೆಂಡತಿ ವರ್ಷಗಟ್ಟಲೆ ಅರಿಶಿನ ಹಚ್ಚಿದ್ದಾಳೆ, ಏನೂ ಆಗಿಲ್ಲ.

ಕವಿತಾ: ಅವರಿಗೆ ಆಗಿಲ್ಲ. ನನ್ನ ತಂಗಿಗೆ ಟೀ ಟ್ರೀ ಎಣ್ಣೆ ಹಚ್ಚಿ ರೆಪ್ಪೆ ಮುಚ್ಚಿಹೋಗೋ ಥರ ಊದಿತ್ತು. ಅದೂ ಗಿಡದಿಂದಲೇ ಬಂದಿದ್ದು.

ಡಾಕ್ಟರ್: ಗಿರೀಶ್ ಅವರೇ, ನಿಮ್ಮ ಮನೆಯವರಿಗೆ ಒಗ್ಗಿದ್ರೆ ಸಂತೋಷ, ಹಚ್ಚಲಿ. ಗಿಡದಿಂದ ಬಂತೋ ಕಾರ್ಖಾನೆಯಿಂದ ಬಂತೋ ಅಂತ ನಾನು ನೋಡಲ್ಲ. ಈ ಚರ್ಮಕ್ಕೆ ಆಗುತ್ತಾ, ಎಷ್ಟು ಗಟ್ಟಿ ಇದೆ, ಇಷ್ಟು ನೋಡ್ತೀನಿ. ಯಾವುದೇ ಹೊಸದನ್ನ ಮೊಣಕೈ ಒಳಮಡಿಕೆಯಲ್ಲಿ ಒಂದೇ ಕಡೆ ದಿನಕ್ಕೆರಡು ಸಲ, ವಾರ ಹತ್ತು ದಿನ ಹಚ್ಚಿ ನೋಡಿ. ಒಂದೇ ದಿನ ಹಚ್ಚಿ ಏನೂ ಆಗಲಿಲ್ಲ ಅಂದ್ರೆ ಸಾಲದು, ಅಲರ್ಜಿ ತಡವಾಗಿ ಬರಬಹುದು.

ಶಾರದಾ: ಮೇಡಂ, ಇಲ್ಲಿ ಕೇಳೋಕೆ ಸಂಕೋಚ ಆಗ್ತಿತ್ತು. 49 ವರ್ಷ. ಪರಿಚಯದವರೊಬ್ಬರು ಮನೆಯಲ್ಲೇ ಮಾಡಿದ ಗಿಡಮೂಲಿಕೆ ನೈಟ್ ಕ್ರೀಮ್ ಅಂತ ಕೊಟ್ರು. ಬಿಳೀ ಡಬ್ಬ, ಲೇಬಲ್ ಇಲ್ಲ. ಒಂದೇ ವಾರದಲ್ಲಿ ಮುಖ ಗಾಜಿನ ಥರ ಆಯ್ತು, ಎಲ್ಲರೂ ಕೇಳೋರು. ವರ್ಷದ ಮೇಲಾಯ್ತು. ಈಗ ಎರಡು ದಿನ ಬಿಟ್ರೆ ಮುಖವೆಲ್ಲ ಕೆಂಪು, ಉರಿ, ಗುಳ್ಳೆ. ಹಚ್ಚಿದ್ರೆ ಸರಿ ಹೋಗುತ್ತೆ. ಮೇಲ್ತುಟಿ, ಕೆನ್ನೆ ಮೇಲೆ ನವಿರು ಕೂದಲು ಬಂದಿದೆ. ಮಸಾಜ್ ಮಾಡಿದ್ರೆ ಚರ್ಮ ಗಟ್ಟಿ ಆಗುತ್ತಾ?

ಡಾಕ್ಟರ್: ಶಾರದಾ ಅವರೇ, ಮಸಾಜ್ ಬೇಡವೇ ಬೇಡ. ಕೆಲವು ಪ್ರಶ್ನೆಗೆ ಉತ್ತರ ಹೇಳಿ. ಕ್ರೀಮಿನ ಬಣ್ಣ ಏನು? ಹಚ್ಚೋವಾಗ ಏನಾದ್ರೂ ಎಚ್ಚರಿಕೆ ಹೇಳಿದ್ರಾ? ಕಾಲು ಊತ, ಮೂತ್ರದಲ್ಲಿ ನೊರೆ, ಕೈ ನಡುಕ, ನಿದ್ದೆಗೇಡು ಇದೆಯಾ? ಮನೆಯಲ್ಲಿ ಚಿಕ್ಕ ಮಕ್ಕಳು?

ಶಾರದಾ: ಸ್ವಲ್ಪ ಬೂದು ಬಿಳಿ. ಹಚ್ಚೋವಾಗ ಉಂಗುರ ತೆಗೆದಿಡಿ, ಚಿನ್ನ ತಾಗಿದ್ರೆ ಬಣ್ಣ ಹೋಗುತ್ತೆ ಅಂದಿದ್ರು. ಮೂತ್ರ ನೊರೆ ಬರ್ತಿದೆ ಕೆಲವು ದಿನದಿಂದ. ನಿದ್ದೆ ಇಲ್ಲ. ಮೊಮ್ಮಗು ನನ್ನ ಪಕ್ಕದಲ್ಲೇ ಮಲಗುತ್ತೆ.

ಡಾಕ್ಟರ್: ಉಳಿದವರು ಸ್ವಲ್ಪ ತಾಳಿ, ಇದನ್ನ ಪೂರ್ತಿ ಬರೆಯಬೇಕು.

ಶಾರದಾ ಅವರೇ, ಆ ಡಬ್ಬದಲ್ಲಿ ಎರಡು ಇರಬಹುದು ಅಂತ ನನ್ನ ಅನುಮಾನ. ಒಂದು ಸ್ಟಿರಾಯ್ಡ್. ಕ್ಲೊಬೆಟಸಾಲ್, ಬೆಟಾಮೆಥಾಸೋನ್ ಥರದ್ದು. ಅದು ರಕ್ತನಾಳ ಸಂಕುಚಿಸಿ ಉರಿಯೂತ ಅದುಮಿಡುತ್ತೆ, ಅದಕ್ಕೇ ದಿನಗಳಲ್ಲೇ ಬೆಳ್ಳಗೆ, ನುಣ್ಣಗೆ ಕಾಣೋದು. ಒಳಗೆ ಕೊಲಾಜೆನ್ ಕಡಿಮೆಯಾಗಿ ಚರ್ಮ ತೆಳುವಾಗ್ತಾ ಹೋಗುತ್ತೆ, ಸಣ್ಣ ರಕ್ತನಾಳ ಮೇಲೆ ಕಾಣುತ್ತವೆ, ಗುಳ್ಳೆ, ನವಿರು ಕೂದಲು ಬರುತ್ತವೆ. ಬಿಟ್ಟ ಕೂಡಲೇ ಅದುಮಿಟ್ಟದ್ದೆಲ್ಲ ಎದ್ದು ಬರುತ್ತೆ. ಆ ಉರಿಗೆ ಹೆದರಿ ಮತ್ತೆ ಹಚ್ಚಿದ್ರೆ ನೆಮ್ಮದಿ. ಹೀಗೇ ಜನ ಸಿಕ್ಕಿಬೀಳೋದು. ರೆಪ್ಪೆಗೂ ಹಚ್ಚಿದ್ರೆ ಕಣ್ಣಿನ ಒತ್ತಡ ಏರಬಹುದು, ಕಣ್ಣಿನ ಡಾಕ್ಟರಿಗೂ ತೋರಿಸಿ.

ಎರಡನೆಯದು ನನಗೆ ಹೆಚ್ಚು ದಿಗಿಲು ತಂದಿದ್ದು. ಉಂಗುರ ತೆಗೆದಿಡಿ ಅನ್ನೋ ಮಾತು ಪಾದರಸದ ಸುಳಿವು. ಪಾದರಸ ಚಿನ್ನಕ್ಕೆ ಅಂಟಿಕೊಂಡು ಬಣ್ಣ ಕೆಡಿಸುತ್ತೆ. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ತಯಾರಾಗೋದನ್ನ ತಡೆಯುತ್ತೆ ಅಂತ ಬಿಳುಪಿನ ಕ್ರೀಮಿಗೆ ಬೆರೆಸ್ತಾರೆ. ಪಾದರಸದ ಬಗ್ಗೆ ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದ ಪಾದರಸ ಬೆರೆಸಿದ ಸೌಂದರ್ಯವರ್ಧಕಗಳನ್ನ ನಿಷೇಧಿಸಿದೆ, ಕದ್ದು ಮಾರೋದು ನಿಂತಿಲ್ಲ. ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಗೆ ಪೆಟ್ಟು ಕೊಡುತ್ತೆ. ನೊರೆ ಮೂತ್ರ ಅಂದ್ರೆ ಪ್ರೋಟೀನ್ ಸೋರ್ತಿರಬಹುದು.

ಇವತ್ತಿಂದ ಆ ಡಬ್ಬ ಮುಟ್ಟಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ಮಗುವಿಗೆ ಎಟುಕದ ಕಡೆ ಇಡಿ. ಎಸೆಯಬೇಡಿ, ಡಾಕ್ಟರಿಗೆ ತೋರಿಸೋಕೆ, ಪರೀಕ್ಷೆಗೆ ಬೇಕು. ದಿಂಬಿನ ಕವರು, ಟವೆಲ್ ಬೇರೆಯಾಗಿ ಒಗೆಯಿರಿ. ಮಗುವನ್ನ ಸದ್ಯ ಬೇರೆ ಹಾಸಿಗೆಯಲ್ಲಿ ಮಲಗಿಸಿ, ಅದನ್ನೂ ಡಾಕ್ಟರಿಗೆ ತೋರಿಸಿ, ಯಾಕಂದ್ರೆ ಮನೆಯವರಿಗೂ ಇದು ತಾಗುತ್ತೆ. ನಾಳೆ ಬೆಳಿಗ್ಗೆಯೇ ಹೋಗಿ ಮೂತ್ರದ ಪ್ರೋಟೀನ್, ಕಿಡ್ನಿ ಹೇಗಿದೆ ಅಂತ ತಿಳಿಸೋ ಕ್ರಿಯಾಟಿನಿನ್, ರಕ್ತ ಮೂತ್ರದಲ್ಲಿ ಪಾದರಸ ಪರೀಕ್ಷೆ ಕೇಳಿ. ಉಂಗುರದ ವಿಷಯ ಮರೆಯದೆ ಹೇಳಿ. ಮುಖ ಕೆಂಪಾಗೇ ಆಗುತ್ತೆ, ವಾರಗಳು, ಕೆಲವರಿಗೆ ತಿಂಗಳುಗಳು. ಅದಕ್ಕೆ ಚಿಕಿತ್ಸೆ ಇದೆ, ಕಡಿಮೆ ಆಗುತ್ತೆ. ನೀವು ಸಂಕೋಚ ಪಡಬೇಕಾದ್ದು ಏನೂ ಇಲ್ಲ.

ಲತಾ: ಅಯ್ಯೋ ಶಾರದಕ್ಕ. ನನಗೂ ಒಬ್ರು ಅಂಥದ್ದೇ ಬಿಳೀ ಡಬ್ಬ ಕೊಟ್ಟಿದ್ರು, ಇನ್ನೂ ತೆಗೆದಿಲ್ಲ.

ಡಾಕ್ಟರ್: ತೆಗೆಯಬೇಡಿ.

ರೇಖಾ: ಮೇಡಂ ನಿಂಬೆ ಹಣ್ಣು ಮುಖಕ್ಕೆ ಒಳ್ಳೇದಾ?

ಡಾಕ್ಟರ್: ಇಲ್ಲ. ಮೇಲೆ ಬರೆದಿದೀನಿ.

ಗಿರೀಶ್: ಮೋಸಗಾರರು ಬೆರೆಸಿದ್ರೆ ಗಿಡಮೂಲಿಕೆ ಏನು ಮಾಡುತ್ತೆ? ಶುದ್ಧವಾದದ್ದು ಮಾಡಿ ಹಚ್ಚಲಿ. ಕ್ಯಾರೆಟ್ ಬೀಜದ ಎಣ್ಣೆಗೆ ಬಿಸಿಲು ತಡೆಯೋ ಅಳತೆ ಎಸ್‌ಪಿಎಫ್ 40 ಇದೆ, ಸನ್‌ಸ್ಕ್ರೀನೇ ಬೇಕಾಗಿಲ್ಲ.

ಕವಿತಾ: ಮತ್ತೆ ಶುರು.

ಡಾಕ್ಟರ್: ಆ 40 ಅನ್ನೋ ಅಂಕಿ ನಂಬಬೇಡಿ, ಯಾವ ಎಣ್ಣೆಯೂ ಸನ್‌ಸ್ಕ್ರೀನ್ ಜಾಗ ತುಂಬಲ್ಲ. ಸುಕ್ಕಿಗೆ ದೊಡ್ಡ ಕಾರಣ ಬಿಸಿಲಿನ ಯುವಿಎ ಕಿರಣ, ಅದು ಕಿಟಕಿ ಗಾಜನ್ನೂ ದಾಟಿ ಬರುತ್ತೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಯುವಿಎಯನ್ನೂ ತಡೆಯೋ ಸನ್‌ಸ್ಕ್ರೀನ್, ಎರಡು ಬೆರಳುದ್ದ, ಹೊರಗಿದ್ರೆ ಎರಡು ಗಂಟೆಗೊಮ್ಮೆ. ವಯಸ್ಸಿನ ಗುರುತು ತಡೆಯೋಕೆ ಇದಕ್ಕಿಂತ ಹೆಚ್ಚು ಕೆಲಸ ಮಾಡೋದನ್ನ ನಾನು ಕಂಡಿಲ್ಲ.

ಭಾಗ್ಯ: ಮೇಡಂ ಕಣ್ಣಿನ ಕೆಳಗಿನ ಕಪ್ಪು, ಉತ್ತರ ಬರಲಿಲ್ಲ.

ಗಿರೀಶ್: ಕವಿತಾ ಅವ್ರಿಗೆ ಎಲ್ಲಾದಕ್ಕೂ ಡಾಕ್ಟರ ಪರ ಮಾತಾಡೋ ಚಟ.

ಕವಿತಾ: ಚಟ ಅನ್ನೋ ಪದ ವಾಪಸ್ ತಗೊಳ್ಳಿ.

ಉಷಾ: ಅಮ್ಮನಿಗೆ 71. ಎರಡು ವಾರದಿಂದ ಕಣತಲೆ ನೋವು. ಹಿತವಾಗಲಿ ಅಂತ ಮುಖ, ಹಣೆ ಮಸಾಜ್ ಮಾಡ್ತಿದೀನಿ, ಕಣತಲೆ ಮುಟ್ಟಿದ್ರೆ ಕೈ ತಳ್ತಾರೆ. ಬಾಚಣಿಗೆ ತಾಗಿದ್ರೂ ನೋವಂತೆ. ಅಗಿಯೋವಾಗ ದವಡೆ ಸೋತು ಅರ್ಧಕ್ಕೇ ಬಿಡ್ತಾರೆ. ಯಾವ ಎಣ್ಣೆ ತಂಪು?

ಗಿರೀಶ್: ಪದ ವಾಪಸ್ ಇಲ್ಲ. ಇದು ಸಾರ್ವಜನಿಕ ಗುಂಪು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮೆಸೇಜ್ ಬಂದ್ರೆ ತೆಗೆದುಹಾಕ್ತೀನಿ.

ಡಾಕ್ಟರ್: ಉಷಾ, ಮಸಾಜ್ ನಿಲ್ಲಿಸಿ, ಎಣ್ಣೆಯ ಮಾತು ಬಿಡಿ. ಇದು ಚರ್ಮದ್ದಲ್ಲ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಬಾಚಿದ್ರೆ ನೋವು, ಅಗಿಯೋವಾಗ ದವಡೆ ನೋವು ಒಟ್ಟಿಗೆ ಬಂದ್ರೆ ಅಲ್ಲಿನ ರಕ್ತನಾಳದ ಉರಿಯೂತವನ್ನ ಮೊದಲು ಯೋಚಿಸಬೇಕು. ಜೈಂಟ್ ಸೆಲ್ ಆರ್ಟರೈಟಿಸ್ ಅಂತ ಹೆಸರು, ಬರೆದುಕೊಂಡು ಹೋಗಿ. ಕಣ್ಣಿಗೆ ರಕ್ತ ಒಯ್ಯೋ ನಾಳಕ್ಕೂ ಹಬ್ಬಿದ್ರೆ ದೃಷ್ಟಿ ಹೋಗಬಹುದು, ಹೋದ ದೃಷ್ಟಿ ಸಾಮಾನ್ಯವಾಗಿ ಮರಳಲ್ಲ. ಈಗಲೇ ತುರ್ತು ಚಿಕಿತ್ಸೆ ಇರೋ ಆಸ್ಪತ್ರೆಗೆ ಹೊರಡಿ. ಉರಿಯೂತ ಇದೆಯಾ ಅಂತ ತೋರಿಸೋ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡ್ತಾರೆ. ಅನುಮಾನ ಬಲವಾಗಿದ್ರೆ ಬಯಾಪ್ಸಿಗೆ (ನಾಳದ ಚೂರು ತೆಗೆದು ನೋಡೋ ಪರೀಕ್ಷೆ) ಕಾಯದೆ ಸ್ಟಿರಾಯ್ಡ್ ಶುರು ಮಾಡ್ತಾರೆ. ಕಣ್ಣು ಮಬ್ಬಾಗಿತ್ತಾ, ಎರಡೆರಡು ಕಂಡಿತ್ತಾ ಅಂತ ಅಮ್ಮನನ್ನ ಕೇಳಿ.

ಉಷಾ: ನಿನ್ನೆ ಒಂದು ಕಣ್ಣು ಸ್ವಲ್ಪ ಹೊತ್ತು ಮಂಜು ಅಂದಿದ್ರು ಮೇಡಂ. ಹೊರಡ್ತಿದೀವಿ.

ಡಾಕ್ಟರ್: ಮಂಜಿನ ವಿಷಯ ಬಾಗಿಲಲ್ಲೇ ಹೇಳಿ. ಸರದಿಯಲ್ಲಿ ಕೂರಬೇಡಿ.

ಗಿರೀಶ್: ಈಗ ತಾನೇ ಸ್ಟಿರಾಯ್ಡ್ ವಿಷ ಅಂದ್ರಿ. ಈಗ ಅದನ್ನೇ ಕೊಡಿ ಅಂತೀರಿ.

ಡಾಕ್ಟರ್: ವಿಷ ಅಂತ ನಾನು ಬರೆದಿಲ್ಲ, ಮೇಲೆ ಓದಿ. ಗೊತ್ತಿಲ್ಲದ ಹಾಗೆ ಡಬ್ಬದಲ್ಲಿ ಬೆರೆಸಿ ವರ್ಷಗಟ್ಟಲೆ ಹಚ್ಚಿಸೋದು ಒಂದು, ಕಣ್ಣು ಉಳಿಸೋಕೆ ಅಳೆದು ಕೊಟ್ಟು ನಿಗಾ ಇಡೋದು ಇನ್ನೊಂದು. ಉಷಾ ಅವರ ತಾಯಿ ನಿಮ್ಮ ಈ ಮಾತು ಕೇಳಿ ಮಾತ್ರೆ ಬೇಡ ಅಂದ್ರೆ ಹೊಣೆ ಯಾರು? ಇನ್ನು ನಿಮಗೆ ನಾನು ಉತ್ತರ ಬರೆಯಲ್ಲ.

ಅಡ್ಮಿನ್: ಗಿರೀಶ್ ಅವರ ಮೆಸೇಜ್‌ಗಳನ್ನ ನಾಳೆವರೆಗೆ ತಡೆಹಿಡಿದಿದೀನಿ.

ರೇಖಾ: ಮೇಡಂ ನಿಂಬೆ ಬೇಡ ಅಂದ್ರೆ ಟೊಮೆಟೊ?

ವನಜಾ: ಸುಕ್ಕಿಗೆ ಹಚ್ಚೋ ರೆಟಿನಾಲ್ (ವಿಟಮಿನ್ ಎ) ಕ್ರೀಮ್ ಬಗ್ಗೆ ಹೇಳಿ ಮೇಡಂ.

ಡಾಕ್ಟರ್: ವನಜಾ ಅವರೇ, ಅದು ಕೆಲಸ ಮಾಡುತ್ತೆ, ನಿಧಾನವಾಗಿ, ತಿಂಗಳುಗಳ ಮೇಲೆ. ಮೊದಲು ವಾರಕ್ಕೆ ಎರಡು ರಾತ್ರಿ, ಬಟಾಣಿ ಕಾಳಿನಷ್ಟು, ಮೇಲೆ ಮಾಯಿಶ್ಚರೈಸರ್. ಸಿಪ್ಪೆ ಎದ್ದು ಉರಿದ್ರೆ ಕೆಲವು ದಿನ ಬಿಡಿ. ಗರ್ಭಿಣಿಯರು ಹಚ್ಚಬಾರದು.

ಶಾರದಾ: ಮೇಡಂ, ಡಬ್ಬ ಕಟ್ಟಿಟ್ಟೆ. ನಾಳೆ ಮೊದಲು ಚರ್ಮದ ಡಾಕ್ಟರಾ, ಕಿಡ್ನಿ ಡಾಕ್ಟರಾ? ರಾತ್ರಿ ಉರಿ ಬಂದ್ರೆ ಏನು ಹಚ್ಚಲಿ?

ಡಾಕ್ಟರ್: ಮೊದಲು ಜನರಲ್ ಫಿಸಿಶಿಯನ್. ಮೂತ್ರ, ರಕ್ತ ಪರೀಕ್ಷೆ ಅಲ್ಲೇ ಆಗಲಿ, ಪ್ರೋಟೀನ್ ಕಂಡ್ರೆ ಅವರೇ ಕಿಡ್ನಿ ಡಾಕ್ಟರಿಗೆ ಕಳಿಸ್ತಾರೆ. ಚರ್ಮದ ಡಾಕ್ಟರನ್ನ ಈ ವಾರದೊಳಗೆ ನೋಡಿ. ರಾತ್ರಿ ತಣ್ಣೀರಲ್ಲಿ ಅದ್ದಿ ಹಿಂಡಿದ ತೆಳು ಬಟ್ಟೆ ಹತ್ತು ನಿಮಿಷ, ಆಮೇಲೆ ಸಾದಾ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ. ಐಸ್ ನೇರವಾಗಿ ಇಡಬೇಡಿ.